ಹುಲಗೆಮ್ಮ ಹಾಕಿದ ಹೊಸ ಹಾಡುಗಳು

ಕೊಪ್ಪಳದವರಿಗೆ ಹುಲಗೆಮ್ಮ ಪರಿಚಯವಾದದ್ದು ಹುಟ್ಟುಹಬ್ಬಗಳಿಂದ. 1997ರಲ್ಲಿ ಊರು ಜಿಲ್ಲಾ ಕೇಂದ್ರವಾಯಿತು. ಕಚೇರಿಗಳು ಬಂದವು, ಕಚೇರಿಗಳ ಹಿಂದೆ ನೌಕರರು ಬಂದರು, ಅವರ ಬಾಡಿಗೆ ಮನೆಗಳಿಗೆಲ್ಲ ಕೇಬಲ್ ಟಿ.ವಿ. ಬೇಕಾಯಿತು. ಜವಾಹರ ರಸ್ತೆಯ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಗೋವಿಂದರಾಜ ಎಂಬವರು ಡಿಶ್ ಕೂರಿಸಿ, ಊರ ತುಂಬ ವೈರು ಎಳೆಸಿ, ಜೊತೆಗೆ ತಮ್ಮದೇ ಒಂದು ಚಾನೆಲ್ಲನ್ನೂ ಶುರು ಮಾಡಿದ್ದರು. ದಿನಕ್ಕೊಂದು ಹಳೆಯ ಸಿನಿಮಾ, ನಲ್ಲಿ ನೀರು ಬಿಡುವ ವೇಳೆ, ಕಳೆದುಹೋದ ಎಮ್ಮೆಯ ಸುದ್ದಿ, ಆಮೇಲೆ ಅಂದು ಹುಟ್ಟುಹಬ್ಬವಿರುವ ಮಕ್ಕಳ ಹೆಸರು, ಇಷ್ಟೇ ಅದರಲ್ಲಿ ಬರುತ್ತಿದ್ದದ್ದು. ಹೆಸರು ಓದಲು ಸೇರಿಕೊಂಡವಳು ಹುಲಗೆಮ್ಮ.

ಆಗ ಅವಳಿಗೆ ಇಪ್ಪತ್ತು ವರ್ಷ. ತಂದೆ ಓಬಳೆಪ್ಪ ಮುನಿರಾಬಾದಿನಲ್ಲಿ ನೀರಾವರಿ ಇಲಾಖೆಯ ಗ್ಯಾಂಗ್‌ಮನ್. ತಾಯಿ ಇರಲಿಲ್ಲ. ಪಿ.ಯು.ಸಿ. ಮುಗಿಸಿದ ಹುಡುಗಿ ಕಾಲೊನಿಯ ಕ್ವಾರ್ಟರ್ಸಿನಿಂದ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಕೊಪ್ಪಳಕ್ಕೆ ಬಂದು, ಸಂಜೆ ಸಿಕ್ಕ ಬಸ್ಸಿಗೆ ಮರಳುತ್ತಿದ್ದಳು. ನೋಡಲು ಸಾಧಾರಣ. ದನಿ ಮಾತ್ರ ಬೇರೆ. ತುಸು ದಪ್ಪ, ತುಸು ಒರಟು, ಪಕ್ಕದ ಕೋಣೆಯಿಂದ ಅಕ್ಕ ಕರೆದ ಹಾಗೆ. ತರಕಾರಿ ಕೊಳ್ಳಲು ನಿಂತಾಗಲೂ ಜನ ಮುಖ ನೋಡಿ ಅಲ್ಲ, ದನಿ ಕೇಳಿ ಹಿಂತಿರುಗುತ್ತಿದ್ದರು. ಟಿ.ವಿ.ಯಲ್ಲಿ ಬರುವ ಹುಡುಗಿ ಎಂದು ಎರಡು ಮೂರು ಗಂಡಿನ ಕಡೆಯವರು ಬಂದು ನೋಡಿ ಹೋದರು. ಟಿ.ವಿ.ಯಲ್ಲಿ ಬರುವ ಹುಡುಗಿ ಎಂಬ ಕಾರಣಕ್ಕೇ ಅವರು ಮತ್ತೆ ಬರಲಿಲ್ಲ. ಓಬಳೆಪ್ಪ ಒಂದಷ್ಟು ದಿನ ಸಿಟ್ಟು ಮಾಡಿ ಸುಮ್ಮನಾದ.

ಹೊಸ ಹಾಡುಗಳ ವ್ಯವಹಾರ ಶುರುವಾದದ್ದು 2005ರಲ್ಲಿ. ಹುಬ್ಬಳ್ಳಿಯ ಮೂವರು ಯುವಕರು ತಮ್ಮ ಹಾಡಿನ ವಿಡಿಯೋ ತೆಗೆಯಲು ಗಂಗಾವತಿಯ ಆಚೆ ಆನೆಗೊಂದಿಯ ಬಂಡೆಗಳಿಗೆ ಬಂದಿದ್ದರು. ಅವರ ತಂಡದ ಹೆಸರು 'ಸುಣ್ಣದ ಗೋಡೆ'. ಸಿನಿಮಾದವರಲ್ಲ, ಭಾವಗೀತೆಯವರಲ್ಲ. ತಾವೇ ಬರೆದು, ತಾವೇ ಗಿಟಾರು ಡ್ರಮ್ಮು ಬಾರಿಸಿ ಹಾಡುವವರು. ಅವರಿಗೊಂದು ಜನರೇಟರ್ ಬೇಕಿತ್ತು. ಗೋವಿಂದರಾಜರ ಕೇಬಲ್ಲಿನ ತಂತ್ರಜ್ಞ ಬಡೇಸಾಬ, ಐವತ್ತರ ಆಸುಪಾಸಿನ ಮನುಷ್ಯ, ಜೀಪಿನಲ್ಲಿ ಜನರೇಟರ್ ಹೇರಿಕೊಂಡು ಹೋಗಿ ಎರಡು ದಿನ ಅವರ ಜೊತೆ ಬಿಸಿಲಲ್ಲಿ ಬೆಂದು ಬಂದ. ಒಂದೂವರೆ ತಿಂಗಳ ಮೇಲೆ ಆ ಯುವಕರು ನೆನಪಿಟ್ಟು ಒಂದು ಸಿ.ಡಿ. ಕಳಿಸಿದರು.

ಹುಲಗೆಮ್ಮ ಅದನ್ನು ಮಧ್ಯಾಹ್ನ ಸಿನಿಮಾ ಮುಗಿದ ಮೇಲೆ ಹಾಕಿಯೇಬಿಟ್ಟಳು. ಬಂಡೆಯ ಮೇಲೆ ಮೂವರು ನಿಂತಿದ್ದಾರೆ. ಗಿಟಾರಿನ ವೈರುಗಳು ಎಲ್ಲಿಗೂ ಸಿಕ್ಕಿಲ್ಲ, ಕಲ್ಲಿನ ಮೇಲೆ ಸುಮ್ಮನೆ ಬಿದ್ದಿವೆ. ಡ್ರಮ್ಮಿನವನು ಬಿಸಿಲಿಗೆ ತಲೆಗೆ ಟವೆಲ್ ಸುತ್ತಿದ್ದಾನೆ. ಎರಡು ನಿಮಿಷ ಹಾಡುಗಾರ ಬಾಯೊಳಗೇ ಏನೋ ಹೇಳಿಕೊಳ್ಳುತ್ತಾನೆ. ಆಮೇಲೆ ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗುತ್ತಾನೆ. ಕಚೇರಿಯ ಫೋನು ತಕ್ಷಣ ಹೊಡೆದುಕೊಂಡಿತು.

"ಟಿ.ವಿ. ಕೆಟ್ಟೈತೇನ್ರಿ? ಯಾರೋ ಒದರಾಕತ್ಯಾರ."

"ಕೆಟ್ಟಿಲ್ರಿ, ಹಾಡೈತ್ರಿ."

"ಇದು ಹಾಡಾ? ಯಾರರ ಸತ್ತಾರೇನಂತ ಮಾಡಿದ್ದೆ!"

ಗೋವಿಂದರಾಜರು ಸಿ.ಡಿ. ತೆಗೆದು ಒಗೆಯಲು ಹೇಳಿದರು. ಅವಳು ಒಗೆಯಲಿಲ್ಲ. ಮರುದಿನ ಅದೇ ಹಾಡು ಹಾಕುವ ಮೊದಲು ಮೈಕಿನ ಮುಂದೆ ಕುಳಿತು ಹೇಳಿದಳು: "ಎರಡು ನಿಮಿಷ ತಡ್ಕೊಳ್ರಿ. ಸಿಟ್ಟು ಬಂದ್ರೂ ತಡ್ಕೊಳ್ರಿ. ಎರಡು ನಿಮಿಷದ ಮ್ಯಾಲೆ ಡ್ರಮ್ಮು ಒಮ್ಮೆ ಪೂರಾ ನಿಂದರತೈತಿ. ಅಲ್ಲಿ ಅವ ಏನಂತಾನ ಕೇಳ್ರಿ. ಆಮ್ಯಾಲೆ ಬೈಯಾಕ ಫೋನ್ ಮಾಡ್ರಿ, ನಾ ಇಲ್ಲೇ ಇರ್ತೀನಿ."

ಇದೇ ಅವಳ ವಿದ್ಯೆ. ಹಾಡಿನಲ್ಲಿ ಕಿವಿ ಎಲ್ಲಿ ಇಡಬೇಕೆಂದು ಹೇಳಿಕೊಡುತ್ತಿದ್ದಳು. ಜನ ಬೈಯಲು ಫೋನು ಮಾಡುತ್ತ ಮಾಡುತ್ತ ಕೇಳಲು ಕಲಿತರು. ಸಿ.ಡಿ.ಯ ಹಿಂದಿದ್ದ ವಿಳಾಸಕ್ಕೆ ಅವಳು ಪತ್ರ ಬರೆದಳು. ಆ ತಂಡ ಇನ್ನೊಂದು ತಂಡಕ್ಕೆ ಹೇಳಿತು. ಧಾರವಾಡ, ಮೈಸೂರು, ಬೆಂಗಳೂರು, ಬಳ್ಳಾರಿಗಳಿಂದ ಕೊರಿಯರ್ ಬರತೊಡಗಿದವು. ದೊಡ್ಡ ಚಾನೆಲ್ಲುಗಳು ಮುಟ್ಟದ ಹಾಡುಗಳು ಕೊಪ್ಪಳದ ಬಟ್ಟೆ ಅಂಗಡಿಯ ಮಹಡಿಗೆ ಬಂದು ಸೇರುತ್ತಿದ್ದವು. ದಿನಾ ನಾಲ್ಕು ಗಂಟೆಗೆ 'ಹೊಸ ಹಾಡು' ಎಂದು ಅರ್ಧ ತಾಸಿನ ಕಾರ್ಯಕ್ರಮ ಶುರುವಾಯಿತು. ಅವಳು ಕುಳಿತು ಮಾತಾಡುವುದನ್ನು ಬಡೇಸಾಬ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದ. ಜನ ಲ್ಯಾಂಡ್‌ಲೈನಿಗೆ ಕರೆ ಮಾಡಿದರೆ ಅದು ನೇರವಾಗಿ ಟಿ.ವಿ.ಯಲ್ಲಿ ಕೇಳಿಸುತ್ತಿತ್ತು. ಹಾಸ್ಟೆಲ್ಲಿನ ಹುಡುಗಿಯರು, ದರ್ಜಿಗಳು, ಆಸ್ಪತ್ರೆಯ ನರ್ಸುಗಳು ಮಾಡುತ್ತಿದ್ದರು. ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರು ದಿನಾ ಬೈಯುತ್ತಿದ್ದರು, ದಿನಾ ಕೇಳುತ್ತಿದ್ದರು.

ನಾನು ಆಗ ಊರಿನ ಸರಕಾರಿ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ. ಶಾಲೆ ಬಿಟ್ಟು ಬರುವಷ್ಟರಲ್ಲಿ ಕಾರ್ಯಕ್ರಮದ ಕೊನೆ ಕೊನೆಯ ಹಾಡು ಸಿಗುತ್ತಿತ್ತು. ರಜೆಯ ದಿನ ಪೂರಾ ನೋಡುತ್ತಿದ್ದೆ. ಆ ಸಂಗೀತ ನನಗೆ ಹಿಡಿಸಿತೆಂದು ಹೇಳಲಾರೆ. ಅವಳು ಅದಕ್ಕಿಂತ ಮೊದಲು ಆಡುವ ಮಾತು ಹಿಡಿಸಿತ್ತು.

ದೀಪಿಕಾ ಮೊದಲ ಸಲ ಫೋನು ಮಾಡಿದ್ದು 2008ರ ಮಳೆಗಾಲದಲ್ಲಿ. ಬಿ.ಎ. ಎರಡನೇ ವರ್ಷ ಓದುತ್ತಿದ್ದ ಹುಡುಗಿ. ತಂದೆ ತೀರಿಕೊಂಡಿದ್ದರು. ತಾಯಿ ಮುದಕಮ್ಮ ಸರಕಾರಿ ಕಚೇರಿಯೊಂದರಲ್ಲಿ ಜವಾನಳಾಗಿದ್ದಳು. ಗವಿಮಠದ ರಸ್ತೆಯ ಕಡೆ ಎರಡು ಕೋಣೆಯ ಮನೆ. ಎಲ್ಲರೂ ಹಾಡು ಹಾಕಿ ಎಂದು ಕೇಳಲು ಫೋನು ಮಾಡಿದರೆ, ಆ ಹುಡುಗಿ ಬೇರೆಯೇ ಮಾತು ತೆಗೆದಳು.

"ಅಕ್ಕಾರ, ಆನೆಗೊಂದಿ ಬಂಡಿಗಲ್ಲ ಮ್ಯಾಲಿನ ಹಾಡೈತಲ್ರಿ, ಅದರಾಗ ಅವ ಒದರೂಕಿಂತ ಮೊದಲ ಉಸಿರು ತಗೊಳ್ಳಂಗೇ ಇಲ್ರಿ. ನೀವು ನೋಡೀರೇನು?"

ಹುಲಗೆಮ್ಮ ನೋಡಿರಲಿಲ್ಲ. ಮೂರು ವರ್ಷದಿಂದ ಆ ಹಾಡು ಹಾಕುತ್ತಿದ್ದವಳು ಟಿ.ವಿ.ಯಲ್ಲೇ ಒಪ್ಪಿಕೊಂಡಳು: "ಇಲ್ಲವಾ, ನನಗ ಗೊತ್ತಾಗಿಲ್ಲ. ಈಗ ಹಾಕ್ತೀನಿ, ಇಬ್ರೂ ಕೂಡಿ ನೋಡೂಣು."

ಅಂದಿನಿಂದ ವಾರಕ್ಕೆ ಮೂರು ಸಲ ದೀಪಿಕಾಳ ಕರೆ. ಊರಿಗೆ ಆ ಇಬ್ಬರ ಮಾತು ರೂಢಿಯಾಯಿತು. ಹಾಡಿನ ಬಗ್ಗೆ ಶುರುವಾದದ್ದು ಪರೀಕ್ಷೆ, ಜ್ವರ, ಅವ್ವ ಮಾಡಿದ ಪುಂಡಿಪಲ್ಯ ಎಂದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಒಮ್ಮೆ ಹುಲಗೆಮ್ಮ ಕೇಳಿದಳು: "ನಿನಗ್ಯಾಕ ಒದರೂ ಹಾಡೇ ಬೇಕು?" ಆ ಹುಡುಗಿ ನಕ್ಕು, "ನಮ್ಮ ಮನ್ಯಾಗ ನಾ ಒದರಿದ್ರ ಆಜೂಬಾಜೂ ಮಂದಿ ಬರ್ತಾರ್ರಿ. ಟಿ.ವಿ.ಯಾಗ ಅವ ಒದರಿದ್ರ ಯಾರೂ ಬರಂಗಿಲ್ಲ" ಎಂದಿದ್ದಳು. ಕೇಳಿದವರೆಲ್ಲ ನಕ್ಕಿದ್ದೆವು.

ಇಬ್ಬರೂ ಮುಖಾಮುಖಿಯಾದದ್ದು ಎರಡೇ ಸಲ. ಒಮ್ಮೆ ದೀಪಿಕಾ ಕಚೇರಿಗೆ ಬಂದು ತಾನು ಕೇಳಿದ ಹಾಡುಗಳನ್ನೆಲ್ಲ ಬರೆದಿಟ್ಟ ನೋಟ್‌ಬುಕ್ ತೋರಿಸಿದ್ದಳು. ಇನ್ನೊಮ್ಮೆ ಅವಳ ಮದುವೆಯಲ್ಲಿ. 2009ರ ಮೇ ತಿಂಗಳು. ಗಂಡ ಯಂಕೇಶ. ಕೊಪ್ಪಳದವನೇ, ಕಿನ್ನಾಳ ರಸ್ತೆಯ ಕಡೆ ಮನೆ, ಅಣ್ಣತಮ್ಮಂದಿರು ಕೂಡಿ ನಡೆಸುವ ಗೊಬ್ಬರದ ಅಂಗಡಿ. ಊರಲ್ಲಿ ನಾಲ್ಕು ಜನ ಮಾತು ಕೇಳುವ ಕುಟುಂಬ. ಹುಲಗೆಮ್ಮ ಉಡುಗೊರೆಯಾಗಿ ಐದಾರು ತಂಡಗಳ ಹಾಡು ತುಂಬಿದ ಒಂದು ಸಿ.ಡಿ. ಕೊಟ್ಟಳು. ಅಕ್ಷತೆ ಹಾಕುವಾಗ ಯಂಕೇಶ ಅವಳ ದನಿ ಕೇಳಿ ಒಮ್ಮೆ ತಿರುಗಿ ನೋಡಿದ. ಅವಳು ಅದನ್ನು ಮೆಚ್ಚುಗೆ ಎಂದುಕೊಂಡಳು.

ಮದುವೆಯ ಮೇಲೆ ಕರೆಗಳು ನಿಂತವು. ಹೊಸ ಸಂಸಾರ, ವೇಳೆ ಸಿಗುತ್ತಿಲ್ಲ ಎಂದು ಹುಲಗೆಮ್ಮ ಅಂದುಕೊಂಡಳು. ಅವಳಿಗೆ ಗೊತ್ತಿರದಿದ್ದ ಸಂಗತಿ ಇದು: ಮದುವೆಯಾದ ಮೊದಲ ವಾರವೇ ಆ ಮನೆಯಲ್ಲಿ ಮಾತು ಆಗಿತ್ತು. ಊರಿಗೆಲ್ಲ ಕೇಳುವ ಹಾಗೆ ಟಿ.ವಿ.ಯಲ್ಲಿ ಹರಟೆ ಹೊಡೆದ ಹುಡುಗಿ ಎಂದು ಯಂಕೇಶನ ಗೆಳೆಯರು ಚೇಷ್ಟೆ ಮಾಡಿದ್ದರು. ಇನ್ನು ಮೇಲೆ ಫೋನು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಅವನು ಹೇಳಿದ್ದ. ನೋಟ್‌ಬುಕ್ಕನ್ನು ಬಚ್ಚಲ ಒಲೆಗೆ ಹಾಕಿದ್ದ.

ಸೆಪ್ಟೆಂಬರಿನ ಒಂದು ಬುಧವಾರ. ಯಾವುದೋ ಜಯಂತಿಗೆ ಶಾಲೆಗೆ ರಜೆ ಇತ್ತು. ನಾನು ಮನೆಯಲ್ಲಿ ಟಿ.ವಿ. ನೋಡುತ್ತಿದ್ದೆ. ಕಾರ್ಯಕ್ರಮ ಮುಗಿಯಲು ಏಳೆಂಟು ನಿಮಿಷವಿದ್ದಾಗ ಒಂದು ಕರೆ ಬಂತು. ಸಣ್ಣ ದನಿ, ಬಾಯಿಗೆ ಸೆರಗು ಅಡ್ಡ ಹಿಡಿದಂತೆ.

"ಆನೆಗೊಂದಿ ಹಾಡು ಹಾಕ್ರಿ."

"ಯಾರು ಮಾತಾಡೂದು?"

"ಕಳಕಮ್ಮ ಅಂತ್ರಿ."

ಹುಲಗೆಮ್ಮನ ಮುಖ ಅರಳಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಅವಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

"ಕಳಕಮ್ಮನ? ಏ ದೀಪಿಕಾ, ಮದುವಿ ಆದ ಮ್ಯಾಲೆ ಹೆಸರೂ ಬದಲಿ ಮಾಡಿದ್ರೇನವಾ ಅವರು?"

"ಇಲ್ರಿ... ನಾ ಕಳಕಮ್ಮ ಅದೀನ್ರಿ."

"ನಿನ್ನ ದನಿ ನನಗ ಗೊತ್ತಾಗಂಗಿಲ್ಲೇನು? ಸಾವಿರ ಮಂದ್ಯಾಗ ಹಿಡಿತೀನಿ ನಾ. ನಾಕು ತಿಂಗಳಾತು, ಅಕ್ಕನ ನೆನಪ ಆಗ್ಲಿಲ್ಲ ಹೌದಿಲ್ಲೋ? ಗಂಡನ ಮನಿ ಹ್ಯಾಂಗೈತಿ? ಯಂಕೇಶ ಅವರಿಗೂ ಈ ಹಾಡು ಕಲಿಸೀಯೋ ಇಲ್ಲೋ?"

ಆ ಕಡೆ ಏನೋ ಬಿದ್ದ ಸದ್ದು, ಆಮೇಲೆ ಲೈನು ಕಡಿಯಿತು. ಹುಲಗೆಮ್ಮ ಕ್ಯಾಮೆರಾ ನೋಡಿ ನಕ್ಕಳು. "ನಾಚಿಕಿ ಬಂತು ನಮ್ಮ ಹುಡುಗಿಗೆ" ಎಂದು ಹೇಳಿ ಹಾಡು ಹಾಕಿದಳು. ಐದು ನಿಮಿಷದ ಹಾಡು ಪೂರ್ತಿ ಬಂತು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ದಿನದ ಪದ್ಧತಿಯಂತೆ, ಅದೇ ಕಾರ್ಯಕ್ರಮ ಮರುಪ್ರಸಾರವೂ ಆಯಿತು.

ಮರುದಿನ ಸಂಜೆ ಬಸ್ ನಿಲ್ದಾಣದ ಹತ್ತಿರ ಹುಲಗೆಮ್ಮ ಸಿಕ್ಕಾಗ ನಾನೇ ಮಾತಾಡಿಸಿದೆ. "ನಿನ್ನೆ ಭಾಳ ಛಲೋ ಹಿಡಿದ್ರಿ ಬಿಡ್ರಿ ಆ ಹುಡುಗಿನ್ನ" ಎಂದೆ. ಅವಳಿಗೆ ಖುಷಿಯಾಯಿತು.

ಆ ಕರೆ ಬಂದ ಹನ್ನೊಂದನೇ ದಿನ ದೀಪಿಕಾಳನ್ನು ಮೈತುಂಬ ಸುಟ್ಟ ಗಾಯದೊಂದಿಗೆ ಆಸ್ಪತ್ರೆಗೆ ತಂದರು. ಅಲ್ಲಿಂದ ಹುಬ್ಬಳ್ಳಿಗೆ ಸಾಗಿಸಿದರು. ಎರಡು ದಿನ ಬದುಕಿದ್ದಳು. ಅಧಿಕಾರಿಯ ಮುಂದೆ ಹೇಳಿಕೆ ಕೊಡುವಾಗ ಅಡಿಗೆ ಮನೆಯಲ್ಲಿ ಸ್ಟೌವಿನಿಂದ ಸೀರೆಗೆ ಬೆಂಕಿ ಹತ್ತಿತು ಎಂದಳು. ಆಗ ಬಾಗಿಲ ಹೊರಗೆ ಗಂಡನ ಮನೆಯವರೇ ನಿಂತಿದ್ದರು.

ಹುಲಗೆಮ್ಮನಿಗೆ ಸುದ್ದಿ ಹೇಳಿದವನು ಬಡೇಸಾಬ. ಅವಳು ಹುಬ್ಬಳ್ಳಿಯ ರೈಲು ಹತ್ತಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೆಣ ಹೊರಗೆ ತಂದಿದ್ದರು. ಮಣ್ಣು ಮಾಡಿ ಎಂಟು ದಿನವಾದ ಮೇಲೆ ಅವಳು ಮುದಕಮ್ಮನ ಮನೆಗೆ ಹೋದಳು. ಹೋಗಿ ಏನು ಮಾತಾಡಿದಳೆಂಬುದನ್ನು ಬಹಳ ವರ್ಷಗಳ ಮೇಲೆ ಅವಳೇ ನನಗೆ ಹೇಳಿದ್ದು. ಹೇಳಿದ ಹಾಗೇ ಬರೆಯುತ್ತಿದ್ದೇನೆ.

ಮುದಕಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಕಚೇರಿಯ ಖಾಕಿ ಸೀರೆ ಗೂಟಕ್ಕೆ ತೂಗಿತ್ತು. ಹುಲಗೆಮ್ಮ ಎದುರಿಗೆ ನೆಲದ ಮೇಲೆ ಕುಳಿತು, ಅಂದಿನ ಕರೆಯ ವಿಷಯವನ್ನು ಒಂದಕ್ಷರ ಬಿಡದೆ ಹೇಳಿದಳು. ಬೇರೆ ಹೆಸರು ಹೇಳಿದ್ದು, ತಾನು ನಕ್ಕಿದ್ದು, ಮನೆಯವರ ಹೆಸರು ಎತ್ತಿದ್ದು.

ಮುದಕಮ್ಮ ಕೇಳಿದಳು: "ಅಕ್ಕ ಅಂದ್ರ ನೀವ್ರಿ?"

"ಯಾಕ್ರಿ?"

"ಹುಬ್ಬಳ್ಳ್ಯಾಗ ನಾ ಬಾಯಾಗ ನೀರು ಬಿಡಾಕತ್ತಿದ್ದೆ. 'ಅಕ್ಕ ನನ್ನ ಹೆಸರು ಹಿಡಿದು ಕರದ್ಲವ್ವ' ಅಂದ್ಲು. ನಿಮ್ಮ ಕಾರ್ಯಕ್ರಮದ ಹೊತ್ತಿಗೆ ನಾ ದಿನಾ ಕಚೇರ್ಯಾಗ ಇರ್ತಿದ್ದೆ, ಯಾವ ಅಕ್ಕ ಅಂತ ತಿಳ್ಕೊಳ್ಳಿ? ಜ್ವರದಾಗ ಬಡಬಡಸಾಕತ್ಯಾಳ ಅಂತ ಬಿಟ್ಟೆ. ಅದಕ್ಕೂ ಮೊದಲ ಒಮ್ಮೆ ಮನಿಗೆ ಬಂದಾಗ ಅಕಿ ಬೆನ್ನ ಮ್ಯಾಲೆ ಬಾರುಕೋಲಿನ ಗುರುತು ನೋಡಿದ್ದೆ. ಅದೂ ಬೆಂಕಿಯಾಗ ಹೋತು."

ಹುಲಗೆಮ್ಮ ಅವಳ ಕಾಲು ಹಿಡಿಯಲು ಹೋದಳು. ಮುದಕಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಕಾಲು ಹಿಡಿಯೂದು ಬ್ಯಾಡ. ನನಗೀಟು ಹೇಳು. ಅಕಿ ದನಿ ಹ್ಯಾಂಗಿತ್ತು? ಅಳಾಕತ್ತಿದ್ಲೇನು?"

"ಅಳಾಕತ್ತಿರಲಿಲ್ರಿ. ಅಂಜಿದ್ಲು. ನನಗ ಆಗ ತಿಳೀಲಿಲ್ಲ."

"ಹಂಗಾರ ಇದನ್ನ ಪೊಲೀಸರ ಮುಂದ ಹೇಳು" ಎಂದಳು ಮುದಕಮ್ಮ.

ಹುಲಗೆಮ್ಮ ಅಲ್ಲಿಂದ ನೇರ ಕಚೇರಿಗೆ ಬಂದಳು. ಪ್ರತಿ ದಿನದ ಕಾರ್ಯಕ್ರಮ ಮರುಪ್ರಸಾರಕ್ಕಾಗಿ ಕಂಪ್ಯೂಟರಿನಲ್ಲಿ ಉಳಿದಿರುತ್ತಿತ್ತು. ಎರಡು ಮೂರು ತಿಂಗಳ ಮೇಲೇ ಅಳಿಸುತ್ತಿದ್ದದ್ದು. ಆ ಬುಧವಾರದ್ದೊಂದು ಬಿಟ್ಟು ಉಳಿದ ಎಲ್ಲ ದಿನಗಳದ್ದೂ ಅಲ್ಲಿ ಇತ್ತು.

ಗೋವಿಂದರಾಜರು ಬಾಗಿಲು ಹಾಕಿಕೊಂಡು ಕೂರಿಸಿ ಮಾತಾಡಿದರು. ಅವರು ಕೆಟ್ಟ ಮನುಷ್ಯರಲ್ಲ. ಹನ್ನೆರಡು ವರ್ಷ ಅವಳನ್ನು ಮನೆಯ ಹುಡುಗಿಯಂತೆ ನೋಡಿಕೊಂಡವರು.

"ಯಂಕೇಶನ ಅಣ್ಣಗೋಳು ಬಂದಿದ್ರವಾ. ಬಾಯಿ ಮಾಡ್ಲಿಲ್ಲ, ಚಾ ಕುಡದ್ರು. ಹೋಗೂಮುಂದ ಒಂದ ಮಾತು ಅಂದ್ರು. ಕಂಬದ ಮ್ಯಾಲಿನ ವೈರು ಕತ್ತರಿಸಾಕ ಎಷ್ಟೊತ್ತು ಬೇಕ್ರಿ ಅಂದ್ರು. ನಾ ಎಷ್ಟು ಕಂಬ ಕಾಯಲಿ?"

"ಸತ್ತಾಕಿ ದನಿ ಇತ್ತು ಸಾಹುಕಾರ್ರ ಅದರಾಗ."

"ಹುಡುಗಿ ತಾನ ಹೇಳ್ಯಾಳಲ್ಲ, ಸ್ಟೌವಿನ ಬೆಂಕಿ ಅಂತ."

"ಯಾರ ಅಂಜಿಕಿಗೆ ಹೇಳಿದ್ಲು?"

ಅಳಿಸಿದವನು ಬಡೇಸಾಬ; ಗೋವಿಂದರಾಜರು ಹೇಳಿದರು, ಅವನು ಅಳಿಸಿದ. ಹುಲಗೆಮ್ಮ ಹೊರಗೆ ಬಂದಾಗ ಅವನು ಮೆಟ್ಟಿಲ ಮೇಲೆ ಕುಳಿತಿದ್ದ. "ನನಗ ಮೂರು ಹೆಣ್ಣು ಮಕ್ಕಳದಾವ ತಂಗಿ" ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಅಂದಿನಿಂದ ಹುಲಗೆಮ್ಮ ಆ ಮೆಟ್ಟಿಲು ಹತ್ತಲಿಲ್ಲ. ನಾಲ್ಕು ಗಂಟೆಗೆ ಮತ್ತೆ ಸಿನಿಮಾ ಹಾಡುಗಳು ಬರತೊಡಗಿದವು. ಊರು ಒಂದು ವಾರ ಯಾಕೆಂದು ಕೇಳಿತು, ಆಮೇಲೆ ಕೇಳಲಿಲ್ಲ.

ಮುದಕಮ್ಮನ ದೂರಿನ ಮೇಲೆ ಪೊಲೀಸರು ಯಂಕೇಶನನ್ನೂ ಅವನ ತಾಯಿಯನ್ನೂ ಹಿಡಿದರು. ಮೂರು ತಿಂಗಳಿಗೆ ಜಾಮೀನು ಸಿಕ್ಕಿತು. ವಿಚಾರಣೆ ಶುರುವಾದದ್ದು 2011ರ ಕೊನೆಗೆ. ಅಷ್ಟರಲ್ಲಿ ಸಾಕ್ಷಿ ಎಂದು ಉಳಿದದ್ದು ತಾಯಿಯ ಮಾತು ಮತ್ತು ಹುಲಗೆಮ್ಮನ ಮಾತು.

ವಿಚಾರಣೆಗೆ ಹತ್ತು ದಿನ ಇರುವಾಗ ಹುಲಗೆಮ್ಮ ನಮ್ಮ ಮನೆಗೆ ಬಂದಳು. ನೀರು ಕೊಟ್ಟರೆ ಕುಡಿಯಲಿಲ್ಲ.

"ಮಾಸ್ತರ, ಅವತ್ತಿನ ಕಾರ್ಯಕ್ರಮ ನೀವು ನೋಡಿದ್ರಿ. ಮರುದಿನ ಬಸ್‌ಸ್ಟ್ಯಾಂಡಿನ್ಯಾಗ ನನಗ ಹೇಳಿದ್ರಿ. ಆ ಕರೆ ಬಂದಿತ್ತು ಅಂತ ಕೋರ್ಟಿನ್ಯಾಗ ಹೇಳಾಕ ಒಬ್ರರ ಬೇಕಾಗ್ಯಾರ. ನಾ ಮೂವತ್ತು ಮನಿ ತಿರುಗಿ ಬಂದೀನಿ."

ನನ್ನ ಹೆಂಡತಿ ಒಳಗಿನ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ಯಂಕೇಶನ ಕುಟುಂಬದ ಒಬ್ಬರು ನಮ್ಮ ಶಾಲೆಯ ಸಮಿತಿಯಲ್ಲಿದ್ದರು. ನಾನು ಸರಕಾರಿ ನೌಕರ, ಯಲಬುರ್ಗಾದ ಯಾವುದೋ ಮೂಲೆಗೆ ಎತ್ತಿಹಾಕಿಸುವುದು ಅವರಿಗೆ ಕಷ್ಟವಿರಲಿಲ್ಲ. ಇವೆಲ್ಲ ಆಮೇಲೆ ನಾನು ನನಗೇ ಹೇಳಿಕೊಂಡ ಕಾರಣಗಳು. ಆ ಕ್ಷಣಕ್ಕೆ ನನ್ನ ಬಾಯಿಂದ ಬಂದದ್ದು ಇಷ್ಟು: "ಎರಡು ವರ್ಷದ ಮಾತಲ್ರಿ... ನನಗ ಸರಿಯಾಗಿ ನೆನಪಿಲ್ಲ."

ಅವಳು "ಆಗ್ಲಿ ಬಿಡ್ರಿ" ಎಂದು ಎದ್ದಳು.

ಸಾಕ್ಷಿ ನಡೆದ ಎರಡು ದಿನವೂ ಕೋರ್ಟಿಗೆ ನಾನು ಹೋದೆ, ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು. ಸಾಕ್ಷಿ ಹೇಳಲು ಅಂಜಿದವನಿಗೆ ನೋಡುವ ಆಸೆ ಇತ್ತು. ಯಂಕೇಶನ ವಕೀಲರು ಜಾಣರು. ಕೂಗಾಡಲಿಲ್ಲ, ನಗುನಗುತ್ತ ಕೇಳಿದರು.

"ಕರೆ ಮಾಡಿದಾಕಿ ತನ್ನ ಹೆಸರು ಏನಂತ ಹೇಳಿದ್ಲು?"

"ಕಳಕಮ್ಮ ಅಂತ್ರಿ."

"ನೀವು ದೀಪಿಕಾ ಅಂದಾಗ ಹೌದು ಅಂದ್ಲೇನು?"

"ಇಲ್ರಿ. ಕಳಕಮ್ಮ ಅಂತಲೇ ಅಂದ್ಲು."

"ಎರಡು ಸಲ ಅಕಿನೇ ಅಲ್ಲ ಅಂದಾಳ. ನೀವು ಹೌದು ಅಂತೀರಿ."

"ಅಕಿ ದನಿ ನನಗ ಗೊತ್ರಿ. ಒಂದು ವರ್ಷ ಕೇಳೀನಿ."

"ನಿಮ್ಮ ಕಾರ್ಯಕ್ರಮದಾಗ ಎಂಥಾ ಹಾಡು ಹಾಕ್ತಿದ್ರಿ? ಚೀರಾಡೂ ಹಾಡು, ಹೌದಲ್ಲ? ಆ ಗದ್ದಲದಾಗ ಕಿವಿ ಸರಿ ಉಳದಾವೇನು?"

ಕೋರ್ಟಿನಲ್ಲಿ ನಗು ಎದ್ದಿತು. ಹುಲಗೆಮ್ಮ ನಗು ಮುಗಿಯುವವರೆಗೆ ಕಾದು ಹೇಳಿದಳು: "ಹಾಡು ಹಾಕೂದು ನನ್ನ ಕೆಲಸ ಇತ್ರಿ. ಕೇಳೂದು ಅದರ ಅರ್ಧ. ನಾ ತಪ್ಪು ಕೇಳಿಲ್ರಿ. ಹೇಳಬಾರದ್ದನ್ನ ಬಾಯಿ ಬಿಟ್ಟು ಹೇಳಿದೆ, ಅದು ನನ್ನ ತಪ್ಪು."

ಆಮೇಲೆ ಬಡೇಸಾಬನನ್ನು ಕರೆದರು. ಅಂಥ ಕರೆ ಬಂದದ್ದು ನೆನಪಿದೆಯೇ ಎಂದಾಗ, "ನೆನಪಿಲ್ರಿ" ಎಂದ. ಕಟಕಟೆಯಿಂದ ಇಳಿಯುವಾಗ ಅವನ ಕಾಲು ಜಾರಿತು. ಕೈ ಕೊಟ್ಟು ಹಿಡಿದವಳು ಹುಲಗೆಮ್ಮನೇ.

2012ರ ಬೇಸಿಗೆಯಲ್ಲಿ ತೀರ್ಪು ಬಂತು. ಸತ್ತವಳ ಹೇಳಿಕೆ ಸ್ಪಷ್ಟವಾಗಿತ್ತು. ಬೇರೆ ಪುರಾವೆ ಇರಲಿಲ್ಲ. ಆರೋಪಿಗಳು ಬಿಡುಗಡೆಯಾದರು. ಯಂಕೇಶನ ಕಡೆಯವರು ಕೋರ್ಟಿನ ಗೇಟಿನ ಹತ್ತಿರ ಪೇಡೆ ಹಂಚಿದರು. ವಿಷಯ ತಿಳಿಯದೆ ನಿಂತಿದ್ದ ಕೆಲವರು ತಿಂದರು ಕೂಡ.

ಮುದಕಮ್ಮ ಬೇವಿನ ಮರದ ಕೆಳಗೆ ನಿಂತಿದ್ದಳು. ಹುಲಗೆಮ್ಮ ಹತ್ತಿರ ಹೋಗಿ, ಮನೆಯ ತನಕ ಬರುತ್ತೇನೆ ಎಂದಳು.

"ಬ್ಯಾಡವಾ" ಎಂದಳು ಮುದಕಮ್ಮ. "ನೀ ಸುಳ್ಳು ಹೇಳಲಿಲ್ಲ. ಇಡೀ ಊರಾಗ ನೀ ಒಬ್ಬಾಕಿ ನಿಂತಿ, ಅದು ನನಗ ಗೊತ್ತೈತಿ. ಆದ್ರ ನೀ ಬಾಯಿ ತೆಗದ್ರ ನನಗ ಅಕಿನ್ನ ಕರದಂಗ ಕೇಳತೈತಿ. ನನ್ನ ಕೈಲೆ ಆಗೂದಿಲ್ಲ. ಇನ್ನ ನಮ್ಮ ಮನಿ ಕಡೆ ಬರಬ್ಯಾಡ."

ಹುಲಗೆಮ್ಮ ಹೋಗಲಿಲ್ಲ. ಮುನಿರಾಬಾದಿಗೆ ಮರಳಿ ತಂದೆಯ ಜೊತೆ ಇದ್ದಳು. ಓಬಳೆಪ್ಪ ನಿವೃತ್ತನಾಗಿ ಕ್ವಾರ್ಟರ್ಸ್ ಬಿಟ್ಟ ಮೇಲೆ ರೈಲ್ವೆ ನಿಲ್ದಾಣದ ಹತ್ತಿರ ಒಂದು ಸಣ್ಣ ಮನೆ ಹಿಡಿದರು. ಮುಂದಿನ ಕೋಣೆಯಲ್ಲಿ ಅವಳು ಝೆರಾಕ್ಸ್ ಅಂಗಡಿ ಹಾಕಿದಳು. ಕೊಪ್ಪಳದಲ್ಲಿ ಎಲ್ಲರ ಮನೆಗೂ ಸೆಟ್ ಟಾಪ್ ಬಾಕ್ಸ್ ಬಂತು, ಗೋವಿಂದರಾಜರ ಚಾನೆಲ್ ಮುಚ್ಚಿತು. ಬಡೇಸಾಬ ತೀರಿಕೊಂಡ. ಯಂಕೇಶ ಎರಡನೇ ಮದುವೆಯಾಗಿ, ಕುಷ್ಟಗಿಯಲ್ಲಿ ಇನ್ನೊಂದು ಗೊಬ್ಬರದ ಅಂಗಡಿ ತೆರೆದನೆಂದು ಕೇಳಿದ್ದೇನೆ. ಮುದಕಮ್ಮ ನಿವೃತ್ತಳಾದ ಮೇಲೆ ಹುಲಿಗಿಯಲ್ಲಿ ತಂಗಿಯ ಮನೆಯಲ್ಲಿ ಉಳಿದಳು. ಹುಲಗೆಮ್ಮನ ಅಂಗಡಿಯಿಂದ ನಡೆದು ಹೋಗುವಷ್ಟು ದೂರ. ತನ್ನ ಹೆಸರಿನ ದೇವಿಯ ಗುಡಿ ಇರುವ ಆ ಊರಿಗೆ ಹುಲಗೆಮ್ಮ ಹೋಗುವುದನ್ನು ಬಿಟ್ಟಿದ್ದಾಳೆ. ಹುಣ್ಣಿಮೆಗೆ ಓಬಳೆಪ್ಪ ಒಬ್ಬನೇ ಕೋಲೂರಿಕೊಂಡು ಹೋಗಿ ಬರುತ್ತಾನೆ.

ಹಾಡು ಹಾಕುವುದನ್ನು ಮಾತ್ರ ಅವಳಿಂದ ಬಿಡಲಾಗಲಿಲ್ಲ. 2017ರ ಹೊತ್ತಿಗೆ ಕೈಗೆ ಸ್ಮಾರ್ಟ್‌ಫೋನ್ ಬಂದ ಮೇಲೆ ಯೂಟ್ಯೂಬಿನಲ್ಲಿ ಒಂದು ಚಾನೆಲ್ ಮಾಡಿದಳು. ಹಳೆಯ ತಂಡಗಳು ಒಡೆದಿದ್ದವು. 'ಸುಣ್ಣದ ಗೋಡೆ'ಯ ಹಾಡುಗಾರ ಈಗ ಎಲ್ಲೋ ಇನ್ಶೂರೆನ್ಸ್ ಕೆಲಸದಲ್ಲಿದ್ದಾನಂತೆ. ಆದರೆ ಸಿಂಧನೂರು, ರಾಯಚೂರು, ವಿಜಯಪುರಗಳಿಂದ ಹೊಸ ಹುಡುಗ ಹುಡುಗಿಯರು ಹೊಸ ಹಾಡು ಮಾಡುತ್ತಿದ್ದರು. ಅವರಿಗೆ ಕೇಳುವವರು ಬೇಕಿದ್ದರು. ಸೋಮವಾರಕ್ಕೊಂದು ಹಾಡಿನಂತೆ ಅವರ ಒಪ್ಪಿಗೆ ಪಡೆದು ವಿಡಿಯೋ ಹಾಕುತ್ತಾಳೆ. ಹಾಡಿಗೆ ಮೊದಲು ಪರದೆಯ ಮೇಲೆ ನಾಲ್ಕು ಸಾಲು ಬರಹ ಬರುತ್ತದೆ: ಯಾರ ಹಾಡು, ಎಲ್ಲಿಯವರು, ಎಷ್ಟನೇ ನಿಮಿಷಕ್ಕೆ ಏನನ್ನು ಗಮನಿಸಬೇಕು. ಅವಳ ದನಿ ಎಲ್ಲೂ ಇಲ್ಲ. ಕೋರ್ಟಿನ ಅಂಗಳದಲ್ಲಿ ಮುದಕಮ್ಮ ಹಾಗೆ ಹೇಳಿದ ಮೇಲೆ ಅವಳು ಮೈಕಿನ ಮುಂದೆ ಮಾತಾಡಿಲ್ಲ. ಕೇಳುಗರು ಕಮೆಂಟಿನಲ್ಲಿ ಹಾಡು ಕೇಳಿದರೆ ಹಾಕುತ್ತಾಳೆ. ಕೇಳಿದವರ ಹೆಸರು ಬರೆಯುವುದಿಲ್ಲ.

ನಾನು ಅವಳನ್ನು ಹುಡುಕಿಕೊಂಡು ಹೋದದ್ದು 2022ರಲ್ಲಿ, ನಿವೃತ್ತನಾದ ಮೇಲೆ. ಇನ್ನು ಯಾರೂ ನನ್ನನ್ನು ಎಲ್ಲಿಗೂ ವರ್ಗ ಮಾಡಲಾರರು ಎಂದಾದ ಮೇಲೆ, ಎಂದರೆ ಸರಿಯಾದೀತು. ಅಂಗಡಿಯಲ್ಲಿ ಅವಳು ಹೊಸ ವಿಡಿಯೋ ಒಂದನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡುತ್ತಿದ್ದಳು. ಸಿಂಧನೂರಿನ ನಾಲ್ವರು ಹುಡುಗಿಯರು ಅಕ್ಕಿ ಗಿರಣಿಯೊಂದರ ಮುಂದೆ ನಿಂತು ಹಾಡುವ ವಿಡಿಯೋ. ನನ್ನನ್ನು ಗುರುತಿಸಿ ಕುರ್ಚಿ ಕೊಟ್ಟಳು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಮುದಕಮ್ಮನ ಮನೆಯಲ್ಲಿ ನಡೆದದ್ದನ್ನು ಅಂದೇ ಅವಳು ನನಗೆ ಹೇಳಿದ್ದು, ನಾನು ಕೇಳಿದ್ದಕ್ಕೆ, ಲೆಕ್ಕ ಒಪ್ಪಿಸುವವಳಂತೆ ತಣ್ಣಗೆ.

ನಾನು ಕೊನೆಗೆ ಬಾಯಿ ಬಿಟ್ಟೆ. "ನನಗ ನೆನಪಿತ್ರಿ ಹುಲಗೆಮ್ಮ. ಅವತ್ತು ನೀವು ಮನಿಗೆ ಬಂದಾಗ ಎಲ್ಲಾ ನೆನಪಿತ್ತು."

"ನನಗ ಗೊತ್ತಿತ್ರಿ ಮಾಸ್ತರ" ಎಂದಳು.

"ನಾ ಬಂದು ಹೇಳಿದ್ರ ಏನರ ಆಗ್ತಿತ್ತೇನು?"

"ತೀರ್ಪು ಅದೇ ಆಗ್ತಿತ್ತೇನೋ. ಅಕಿನೇ ಸ್ಟೌ ಅಂದಿದ್ಲಲ್ಲ. ಆದ್ರ ಆ ಮುದುಕಿ ಬೆಂಚಿನ ಮ್ಯಾಲೆ ಒಬ್ಬಾಕಿನ ಕುಂತಿದ್ಲು ನೋಡ್ರಿ, ಎರಡೂ ದಿನ. ನೀವು ಹಿಂದ ಕುಂತಿದ್ರಿ. ಅಕಿ ಬಾಜೂಕ ಜಾಗಾ ಇತ್ತು."

ಅಷ್ಟರಲ್ಲಿ ಆಧಾರ್ ಕಾರ್ಡಿನ ಝೆರಾಕ್ಸ್ ಮಾಡಿಸಲು ಇಬ್ಬರು ಹೆಂಗಸರು ಬಂದರು. ಹುಲಗೆಮ್ಮ ಎದ್ದು ಯಂತ್ರದ ಹತ್ತಿರ ಹೋದಳು. ನಾನು ರೈಲಿಗೆ ಹೊತ್ತಾಯಿತೆಂದು ಹೇಳಿ ಹೊರಟೆ. ಆ ಹುಡುಗಿಯರ ಹಾಡನ್ನು ಮುಂದಿನ ಸೋಮವಾರ ಅವಳು ಹಾಕಿದಳು. ನಾನು ಕೇಳಿದೆ.